ಗಾದಿಲಿಂಗಪ್ಪನ ಫೋನಿಗೆ ಬರುವ ನಂಬರು

ಗಾದಿಲಿಂಗಪ್ಪ ಸತ್ತು ಏಳು ತಿಂಗಳಾದರೂ ಅವನ ಫೋನು ಸತ್ತಿರಲಿಲ್ಲ. ದಿನಕ್ಕೆ ನಾಲ್ಕೈದು ಸಲ ಗುಂಯ್ ಅನ್ನುತ್ತಿತ್ತು. ಆರು ಅಂಕಿಯ ನಂಬರು ಬರುತ್ತಿತ್ತು. ಅದರ ಬೆನ್ನಿಗೇ ಯಾರಾದರೂ ಫೋನ್ ಮಾಡುತ್ತಿದ್ದರು. ಅವನ ಹೆಂಡತಿ ಉಚ್ಚೆಂಗಮ್ಮ ಒಂದೊಂದೇ ಅಂಕಿ ಓದಿ ಹೇಳುತ್ತಿದ್ದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಅಂಕಿ ಮಾತ್ರ ತಪ್ಪುತ್ತಿರಲಿಲ್ಲ.

ಬುಕ್ಕಸಾಗರದ ಹೊರಗೆ ಹೊಳೆ ದಂಡೆಯಲ್ಲಿ ರೈತರ ಸಂಘದ ಪಂಪ್‌ಹೌಸ್ ಇದೆ. ಹೊಳೆಯ ನೀರು ಬಾವಿಗೆ ಬರುತ್ತದೆ. ಬಾವಿಯಿಂದ ದೊಡ್ಡ ಮೋಟರು ಗದ್ದೆಗೆ ಎತ್ತುತ್ತದೆ. ಗಾದಿಲಿಂಗಪ್ಪ ಹದಿನೆಂಟು ವರ್ಷ ಅಲ್ಲಿ ಆಪರೇಟರ್ ಆಗಿದ್ದ. ಎರಡು ವರ್ಷದ ಹಿಂದೆ ಕಂಪ್ಯೂಟರ್ ಬಂತು. ಹೊಸಪೇಟೆ ಆಫೀಸಿನಲ್ಲಿ ಕೂತು ಮೋಟರು ಹಾಕಬಹುದು, ಮೊಬೈಲಿನಿಂದಲೂ ಹಾಕಬಹುದು. ಒಳಗೆ ಹೋಗಲು ಒಂದೇ ಹೆಸರು, ಒಂದೇ ಪಾಸ್‌ವರ್ಡು. ಬಳಸುವವರು ಐದು ಮಂದಿ. ಪಾಸ್‌ವರ್ಡು ಊರೆಲ್ಲ ಆದೀತು ಎಂದು ಆಮೇಲೆ ಓಟಿಪಿ ಇಟ್ಟರು. ಒಂದು ಹೆಸರಿಗೆ ಒಂದೇ ಫೋನು ಕೇಳಿತು. ಹಿರಿಯ ಆಳು ಎಂದು ಗಾದಿಲಿಂಗಪ್ಪನದು ಕೊಟ್ಟರು.

ಅವನು ಕಾಮಾಲೆಯಾಗಿ ಎಂಟು ದಿನದಲ್ಲಿ ಹೋದ. ಸಂಘದವರು ಮಣ್ಣಿಗೆ ಬಂದರು. ಮೂರನೇ ದಿನ ಫೋನಿಗೆ ಬಂದರು.

"ನಂಬರ್ ಬದ್ಲಿ ಮಾಡಾಕ ಭಾಳ ಕಾಗದ ಬೇಕಮ್ಮ. ಫೋನು ನಿನ್ನತ್ರಾನ ಇರ್ಲಿ. ಪಂಪ್‌ಹೌಸ್ ಕಸ ಹೊಡಿ, ಪಗಾರ ಕೊಡ್ತೀವಿ."

ಅವಳು ಆಯಿತು ಎಂದಳು. ಅವನ ಹೆಬ್ಬೆರಳು ಸವೆಸಿದ ಫೋನು ಅದು. ದಿನಕ್ಕೆ ನಾಲ್ಕು ಸಲ ಯಾರಿಗೋ ಅವನ ಹತ್ತಿರ ಇನ್ನೂ ಕೆಲಸ ಇತ್ತು. ಅಷ್ಟು ಸಾಕಿತ್ತು ಅವಳಿಗೆ.

ಬಾವಿಯೊಳಗೆ ಮೋಟರು ನೀರೆಳೆಯುವ ಬಾಯಿಗೆ ಜಾಲರಿ ಇದೆ; ಅದಕ್ಕೆ ಹೊಳೆಯ ಹುಲ್ಲು, ಅಂತರಗಂಗೆ ಬಂದು ಸಿಕ್ಕಿಕೊಳ್ಳುತ್ತದೆ. ಇಳಿದು ಕೈಯಿಂದ ಕೀಳಬೇಕು. ಆಗ ಮೋಟರು ಎದ್ದರೆ ನೀರಿನ ಸೆಳವು ಆಳನ್ನೂ ಎಳೆದುಕೊಳ್ಳುತ್ತದೆ. ಇಳಿಯುವವನು ತನ್ನ ಚಪ್ಪಲಿಯನ್ನು ಕಂಪ್ಯೂಟರ್ ಕೋಣೆಯ ಹೊಸ್ತಿಲ ಮೇಲೆ ಬಿಟ್ಟು ಹೋಗಬೇಕು. ಚಪ್ಪಲಿ ಇದ್ದರೆ ಮೋಟರು ಮುಟ್ಟುವಂತಿಲ್ಲ. ಅದು ಗಾದಿಲಿಂಗಪ್ಪ ಹಾಕಿದ ಪದ್ಧತಿ. ಹೊಸ್ತಿಲ ಮೇಲೆ ಚಪ್ಪಲಿ ಬಿಡುವುದು ಅಪಶಕುನ, ಅದಕ್ಕೇ ಎಲ್ಲರ ಕಣ್ಣಿಗೂ ಬೀಳುತ್ತದೆ ಎನ್ನುತ್ತಿದ್ದ. ಮೇನ್ ಸ್ವಿಚ್ಚಿನ ಹಿಡಿ ಕೆಡವಿ ಇಳಿಯುವುದು ನ್ಯಾಯ. ಆದರೆ ಮೇನ್ ಕೆಡವಿದರೆ ಕಂಪ್ಯೂಟರಿನ ಪೆಟ್ಟಿಗೆಯೂ ಆರುತ್ತಿತ್ತು, ಅದನ್ನು ಎಬ್ಬಿಸಲು ಹೊಸಪೇಟೆಯಿಂದ ಆಳು ಬರಬೇಕಿತ್ತು. ಹಾಗಾಗಿ ಯಾರೂ ಕೆಡವುತ್ತಿರಲಿಲ್ಲ. ಹೊಸಪೇಟೆಯಲ್ಲಿ ಕೂತವನಿಗೆ ಈ ಚಪ್ಪಲಿ ಹೇಗೆ ಕಾಣುತ್ತದೆ ಎಂದು ಯಾರೂ ಕೇಳಿರಲಿಲ್ಲ. ಉಚ್ಚೆಂಗಮ್ಮನೂ ಕೇಳಿರಲಿಲ್ಲ.

ಅವತ್ತು ಬುಧವಾರ. ಹನ್ನೊಂದು ಗಂಟೆಯ ಬಿಸಿಲು. ಅವಳು ಪಂಪ್‌ಹೌಸಿನ ಹಿಂದೆ ಕಸ ಹೊಡೆಯುತ್ತಿದ್ದಳು. ಫೋನು ಗುಂಯ್ ಎಂದಿತು. ಬೆನ್ನಿಗೇ ಹೊಸಪೇಟೆ ಆಫೀಸಿನ ಶ್ರೀನಿವಾಸ.

"ಉಚ್ಚೆಂಗಮ್ಮಾ, ನಂಬರ್ ಬಂತೇನ್ರಿ?"

"ಬಂದೈತ್ರಿ ಸಾರ್. ನಾಕು... ಒಂದು..."

ಬಿಸಿಲಿಗೆ ಅಂಕಿ ಕಾಣಲಿಲ್ಲ. ನೆರಳಿಗೆಂದು ಓದುತ್ತಲೇ ಮುಂಬಾಗಿಲಿಗೆ ಬಂದಳು.

"ಒಂಬತ್ತು... ಸೊನ್ನಿ..."

ಹೊಸ್ತಿಲ ಮೇಲೆ ಚಪ್ಪಲಿ ಇದ್ದವು. ನೀಲಿ ಹವಾಯಿ, ಉಂಗುಟಕ್ಕೆ ತಂತಿ ಬಿಗಿದದ್ದು. ಮೈದುನ ಹುಲುಗೇಶನವು. ಅಣ್ಣ ಹೋದ ಮೇಲೆ ಅಲ್ಲಿ ಆಪರೇಟರ್ ಆದವನು ಅವನೇ.

ಅವಳು ಓದುವುದನ್ನು ನಿಲ್ಲಿಸಿದಳು.

"ಇನ್ನೆರಡು ಹೇಳ್ರಿ, ಜಲ್ದಿ! ಟೈಮ್ ಹೋಗ್ತೈತಿ."

"ಹೇಳಂಗಿಲ್ರಿ. ಹೊಸ್ತಿಲ ಮ್ಯಾಲೆ ಚಪ್ಲಿ ಅದಾವು."

"ಇಲ್ಲಿ ಕೊನೀ ಗದ್ದಿಯೋರು ನೀರಿಲ್ಲಂತ ನನ್ನ ತಲಿ ಮ್ಯಾಲೆ ಕುಂತಾರ, ನೀವು ಚಪ್ಲಿ ಪುರಾಣ ಹಚ್ಚೀರಲ್ಲ!"

"ಹುಲುಗೇಶ ಬಾವ್ಯಾಗ ಇಳಿದಾನ್ರೀ."

ಶ್ರೀನಿವಾಸ ಧ್ವನಿ ಇಳಿಸಿದ. "ಬ್ಯಾಡ ಬ್ಯಾಡ. ನಾ ಹಾಕಂಗಿಲ್ಲ ಬಿಡ್ರಿ."

ಉಸಿರು ಬಿಟ್ಟಳು. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವುದರೊಳಗೆ ನೆನಪಾಯಿತು. ಬೆಳಿಗ್ಗೆ ಏಳಕ್ಕೆ ಇನ್ನೊಂದು ನಂಬರು ಹೇಳಿದ್ದಳು. ಹೆಂಚಿನ ಮೇಲೆ ರೊಟ್ಟಿ ಇತ್ತು. "ಅಕ್ಕಾ, ನಂಬರ್" ಎಂದಿತ್ತು ಧ್ವನಿ. ಆರೂ ಅಂಕಿ ಹೇಳಿ ಇಟ್ಟುಬಿಟ್ಟಿದ್ದಳು. ಯಾರು ಎಂದು ಕೇಳಿರಲಿಲ್ಲ. ಒಳಗೆ ಹೋದವನು ಬೇಕೆಂದರೆ ದಿನವಿಡೀ ಒಳಗೇ ಇರಬಹುದು. ಮತ್ತೆ ನಂಬರು ಕೇಳುವುದಿಲ್ಲ. ಗಂಡ ಹೇಳಿದ್ದ.

ತಿರುಗಿ ಫೋನ್ ಹಚ್ಚಿದಳು. "ಸಾರ್, ಮುಂಜಾನೆ ಯಾರೋ ಒಳಗ ಹೋಗ್ಯಾರ. ಯಾರ್ರೀ ಅದು?"

"ಎಲ್ಲರದೂ ಒಂದ ಹೆಸ್ರು, ಉಚ್ಚೆಂಗಮ್ಮ. ಯಾರಂತ ತೋರ್ಸಲ್ಲ. ನಾ ಎಲ್ಲರಿಗೂ ಫೋನ್ ಹಚ್ತೀನಿ. ನೀವು ಅವನ್ನ ಮ್ಯಾಲೆ ಕರೀರಿ!"

ಮೇನ್ ಕಡೆ ನೋಡಿದಳು. ಗೋಡೆಯ ಮೇಲೆ ಮೂರು ಹಿಡಿ. ಯಾವುದು ಯಾವುದಕ್ಕೆ ಎಂದು ಗೊತ್ತಿಲ್ಲ. ಬಾವಿಗೆ ಓಡಿದಳು.

ಕೆಳಗೆ ಕತ್ತಲು. ಕತ್ತಲಲ್ಲಿ ಹುಲುಗೇಶನ ತಲೆ. ಸಿಳ್ಳೆ ಹಾಕುತ್ತ ಹುಲ್ಲು ಕೀಳುತ್ತಿದ್ದ.

"ಲೇ ಹುಲುಗೇಶಾ, ಮ್ಯಾಲೆ ಬಾರಲೇ!"

"ಇನ್ನೊಂದು ತೆಕ್ಕಿ ಐತಿ ಅತ್ತಿಗೀ. ಬುತ್ತಿ ತಂದಿಯೇನು?"

"ನಿನ್ನ ತಿಥಿ ಊಟಾನ ತಂದೀನಿ. ಯಾರರ ಮೋಟ್ರು ಹಾಕ್ಯಾರು, ಬಾ ಅಂದ್ರ ಬಾ!"

ಅವನು ನಕ್ಕ. "ಮೊನ್ನೀನೂ ಹಿಂಗ ಅಂಜಿಸಿದ್ದಿ. ಹಾವು ಅಂದಿ, ಹಗ್ಗ ಇತ್ತು."

"ನಿಮ್ಮಣ್ಣನ ಆಣಿ ಐತೋ ನಿನಗ."

ಅಣ್ಣನ ಹೆಸರಿಗೆ ಅವನ ನಗೆ ನಿಂತಿತು. ಕಬ್ಬಿಣದ ಏಣಿ ಹಿಡಿದ. ಹದಿನೇಳು ಮೆಟ್ಟಿಲು. ಅವಳು ಎಣಿಸಿದಳು. ಐದು. ಎಂಟು. ಪಾಚಿಗೆ ಕಾಲು ಜಾರಿ ಮತ್ತೆ ಏಳು. ಹನ್ನೊಂದನೇ ಮೆಟ್ಟಿಲಿಗೆ ಬಂದಾಗ ಗೋಡೆಯ ಗಂಟೆ ಬಡಿಯಿತು.

ಮೋಟರು ಏಳುವ ಮುಂಚೆ ಬಡಿಯುವ ಗಂಟೆ.

ಹುಲುಗೇಶ ಕೈಗೆ ಸಿಕ್ಕ ಮೆಟ್ಟಿಲು ಹಿಡಿದು ದಡದಡ ಮೇಲೇರಿದ. ಉಚ್ಚೆಂಗಮ್ಮ ಮೊಣಕಾಲೂರಿ ಅವನ ಒದ್ದೆ ಅಂಗಿಯ ಕೊರಳಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಅಂಗಿ ಪರ್ ಎಂದಿತು. ಎಳೆದಳು. ಅವನ ಎದೆ ಸಿಮೆಂಟಿಗೆ ಬಂತು, ಕಾಲು ಬಂತು.

ಮೋಟರು ಗುಡುಗಿತು. ಕೆಳಗೆ ನೀರು ಗಿರ್ರನೆ ತಿರುಗಿತು. ಜಾಲರಿಯ ಮೇಲೆ ಅವನು ಬಿಟ್ಟು ಬಂದ ಟವೆಲ್ಲು ಒಂದು ಸಲ ಅರಳಿ, ಸೆಳವಿನೊಳಗೆ ಹೋಯಿತು.

ಇಬ್ಬರೂ ನೋಡಿದರು.

ಫೋನು ಬಡಿದುಕೊಂಡಿತು. "ಮುಂಜಾನೆ ಒಳಗ ಹೋದಾವ ನಮ್ಮ ಐದು ಮಂದ್ಯಾಗಿನ ಎರ್ರಿಯಪ್ಪ, ಅವನ ಹಾಕ್ಯಾನ್ರೀ!" ಶ್ರೀನಿವಾಸ ಕೂಗುತ್ತಿದ್ದ. "ಕಂಪ್ಲಿ ಬಸ್‌ನ್ಯಾಗ ಕುಂತು ಮೊಬೈಲ್‌ನ್ಯಾಗ ಹಾಕ್ಯಾನ. ಹುಲುಗೇಶ ಎಲ್ಲಿ? ಉಚ್ಚೆಂಗಮ್ಮಾ? ಹಲೋ?"

ಅವಳು ಫೋನನ್ನು ಹುಲುಗೇಶನ ಕಿವಿಗೆ ಹಿಡಿದಳು.

"ಅದೀನ್ರಿ," ಎಂದ ಅವನು.

ಮುಂದಿನ ವಾರ ಕಾಗದಗಳೆಲ್ಲ ಒಂದೇ ದಿನದಲ್ಲಿ ಆದವು. ಐದು ಮಂದಿಗೆ ಐದು ಹೆಸರು, ಅವರವರ ನಂಬರು ಅವರವರ ಫೋನಿಗೆ. ಗಾದಿಲಿಂಗಪ್ಪನ ನಂಬರು ತೆಗೆದರು. ಅವನ ಫೋನು ಈಗ ಗುಂಯ್ ಅನ್ನುವುದಿಲ್ಲ. ಆದರೂ ಅವಳು ದಿನಾ ಚಾರ್ಜಿಗೆ ಹಾಕುತ್ತಾಳೆ.

ಮೂರು ಹಿಡಿಯಲ್ಲಿ ಮೇನ್ ಯಾವುದು ಎಂದು ಹುಲುಗೇಶನಿಂದ ಕಲಿತಳು. ಹೊಸ್ತಿಲ ಮೇಲೆ ಚಪ್ಪಲಿ ಕಂಡರೆ ಕಸಬರಿಗೆ ಕೆಳಗಿಟ್ಟು ಮೇನ್ ಕೆಡವುತ್ತಾಳೆ. ಪೆಟ್ಟಿಗೆ ಆರಿತು ಎಂದು ಹೊಸಪೇಟೆಯವರು ಬೈಯುತ್ತಾರೆ. ಬೈಯಲಿ. ಇಳಿದವನು ಮೇಲೆ ಬಂದು ಚಪ್ಪಲಿ ಮೆಟ್ಟುವವರೆಗೆ ಅವಳ ಕೈ ಆ ಹಿಡಿ ಬಿಡುವುದಿಲ್ಲ.