ಪಿನ್ನಿಲ್ಲದ ತೂತಿಗೆ ಹಚ್ಚಿದ ಸುಣ್ಣ

ಹುಸೇನ, ನಿನ್ನ ಬಲಗೈ ಮುರಿದದ್ದು ಸಿದ್ದಪ್ಪನ ಆಳುಗಳಲ್ಲ. ನಾನು. ಜೀಪು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲಿನಿಂದ, ಎರಡು ಏಟು — ನೀನು ಕೆಸರಿನಲ್ಲಿ ಬೋರಲು ಬಿದ್ದಿದ್ದಾಗ, ನನ್ನ ಹೆಸರು ಹಿಡಿದೇ ಕೂಗುತ್ತಿದ್ದಾಗ.

ಇಷ್ಟು ಬರೆಯಲು ನನಗೆ ನಲವತ್ತು ವರ್ಷ ಹಿಡಿಯಿತು. ಇನ್ನೂ ಒಂದು ಉಳಿದಿದೆ, ಅದು ಇದಕ್ಕಿಂತ ಕೆಟ್ಟದ್ದು. ಅದನ್ನೂ ಬರೆಯುತ್ತೇನೆ. ನಡುವೆ ಎದ್ದು ಹೋಗಬಾರದು ಅಂತ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಯುದ್ಧ ಮುಗಿದು ಮಿಲಿಟರಿಯವರು ಹಳೇ ಜೀಪುಗಳನ್ನು ಹರಾಜು ಹಾಕುತ್ತಿದ್ದ ಕಾಲ ಅದು. ಬೆಸಗರಹಳ್ಳಿ ಕಡೆಯ ಜಮೀನುದಾರ ಸಿದ್ದಪ್ಪ ಕಬ್ಬಿನ ಗದ್ದೆಗಳ ಏರಿ ಮೇಲೆ ಓಡಾಡಲೆಂದು ಒಂದನ್ನು ಕೊಂಡು ತಂದು ಮದ್ದೂರಿನ ನಮ್ಮ ರಿಪೇರಿ ಶೆಡ್ಡಿನ ಮುಂದೆ ನಿಲ್ಲಿಸಿದ. ಅಬ್ಬಬ್ಬಾ, ಏನು ಗಾಡಿ! ಎಡಕ್ಕೆ ತಿರುಗಿಸಿದರೆ ಹಾರನ್ ತಾನೇ ತಾನಾಗಿ ಅರಚಿಕೊಳ್ಳುತ್ತಿತ್ತು, ದೀಪ ಮಂಕಾಗುತ್ತಿತ್ತು, ಮುಂದಿನ ಚಕ್ರಗಳು ಕುಡಿದವನ ಕಾಲಿನ ಹಾಗೆ ತೊನೆಯುತ್ತಿದ್ದವು. "ಇದ್ರೊಳ್ಗೆ ಸತ್ತೋದ ಸೋಲ್ಜರು ಕುಂತವ್ನೆ ಕಣ್ಲಾ ನಿಂಗ," ಅಂತ ನೀನು ನಕ್ಕೆ. ಎರಡೇ ದಿನದಲ್ಲಿ ಆ ಸೋಲ್ಜರನ್ನು ಹಿಡಿದವನೂ ನೀನೇ. ಸ್ಟೀರಿಂಗಿನ ಕೊಳವೆಯೊಳಗೆ ಹಾದುಹೋಗುವ ಹಾರನ್ ವೈರಿನ ಹೊದಿಕೆ ಸವೆದು, ತಾಮ್ರ ಕಬ್ಬಿಣಕ್ಕೆ ತಾಕುತ್ತಿತ್ತು. ನೀನು ಹೊಸ ವೈರು ಎಳೆದು ಟೇಪು ಸುತ್ತಿದೆ. ಹಾರನ್ ಬಾಯಿ ಮುಚ್ಚಿಕೊಂಡಿತು.

ಕರೆಂಟಿನ ಕೆಲಸ ನಿನ್ನದು, ಸ್ಟೀರಿಂಗು ಬ್ರೇಕು ನನ್ನದು. ಕೊತ್ತತ್ತಿಯ ಒಕ್ಕಲು ಮಗನಾದ ನನಗೆ ನಟ್ಟು ಬಿಗಿಯುವ ಪಾನ ಹಿಡಿಯಲು ಕಲಿಸಿದ್ದೇ ನೀನು. ಶೆಡ್ಡಿಗೆ ನೀನೇ ಮಾಡಿದ ಒಂದು ಕಟ್ಟಳೆಯೂ ಇತ್ತಲ್ಲ — ಜೋಡಣೆ ಬಿಗಿದು, ಅದು ಬಿಚ್ಚಿಕೊಳ್ಳದಂತೆ ಪಿನ್ನು ತೂರಿಸಿ ಮಡಚಿದ ಮೇಲೆ, ಎಲೆಅಡಿಕೆ ಡಬ್ಬಿಯಿಂದ ಚೂರು ಸುಣ್ಣ ತೆಗೆದು ಹಚ್ಚಬೇಕು. ಸುಣ್ಣ ಬಿತ್ತೆಂದರೆ ಕೆಲಸ ಮುಗಿಯಿತು. ಇನ್ನೊಬ್ಬ ಅದನ್ನು ಮುಟ್ಟಿ ನೋಡುವ ಹಾಗಿಲ್ಲ, ಮುಟ್ಟಿದರೆ ಅವಮಾನ ಮಾಡಿದ ಹಾಗೆ.

ಆ ಶುಕ್ರವಾರ ಮಧ್ಯಾಹ್ನ ನೀನು ನಮಾಜಿಗೆ ಹೋಗಿದ್ದೆ. ನಾನು ಜೀಪಿನ ಕೆಳಗೆ ಮಲಗಿ, ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ರಾಡನ್ನು ಕೂಡಿಸುತ್ತಿದ್ದೆ. ಹಳೇ ಪಿನ್ನು ಬಿಚ್ಚುವಾಗಲೇ ತುಂಡಾಗಿತ್ತು. ಡಬ್ಬವೆಲ್ಲ ತಡಕಿದೆ, ಆ ಅಳತೆಯದು ಇರಲಿಲ್ಲ. ಪೇಟೆಗೆ ಹೋಗಿ ಬರಲು ಅರ್ಧ ಗಂಟೆ, ಅಷ್ಟೇ. ಅಷ್ಟರಲ್ಲಿ ಸಿದ್ದಪ್ಪ ಬಂದ. ಹೊರಗೆ ಚಾಚಿದ್ದ ನನ್ನ ಕಾಲನ್ನು ಚಪ್ಪಲಿ ಕಾಲಿನಲ್ಲಿ ಒದ್ದ.

"ಏನ್ಲಾ, ಇನ್ನೂ ಆಗ್ನಿಲ್ವಾ? ಗದ್ದೆ ಆರಂಬ ಬುಟ್ಟು ಇಂಗೆ ಮಣ್ಣಲ್ಲಿ ಒರಳಾಡಾಕೆ ಬಂದಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?"

ರಕ್ತ ಕುದಿಯಿತು. ಪಿನ್ನಿಲ್ಲದ ತೂತಿನ ಮೇಲೆ ಸುಣ್ಣ ಬಳಿದುಬಿಟ್ಟೆ. ಬೀಳಲಿ, ಈ ಬೋಳಿಮಗನ ಗಾಡಿ ಎಲ್ಲಾದರೂ ಬೀಳಲಿ ಅಂತ — ಅಂದುಕೊಂಡೆನೋ ಇಲ್ಲವೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಂದುಕೊಂಡೆ, ಹುಸೇನ. ಅದೂ ನಿಜ.

ನೀನು ಬಂದೆ. ಬಗ್ಗಿ ಸುಣ್ಣ ನೋಡಿದೆ, ಬೆನ್ನು ತಟ್ಟಿದೆ, ಹತ್ತಿ ಕೂತೆ. ಮಳವಳ್ಳಿ ರಸ್ತೆಯಲ್ಲಿದ್ದ ತನ್ನ ಇನ್ನೊಂದು ಗದ್ದೆಯವರೆಗೆ ಓಡಿಸಿ ತೋರಿಸು ಅಂತ ಸಿದ್ದಪ್ಪ ನಿನ್ನ ಪಕ್ಕ ಕೂತ. ನಾನು ಹಿಂದೆ. ಹೇಳಲು ದಾರಿಯುದ್ದಕ್ಕೂ ಹೊತ್ತಿತ್ತು. ಅವನ ಮುಂದೆ ತಪ್ಪು ಒಪ್ಪಿಕೊಳ್ಳುವುದೇ ಅಂತ ಗಂಟಲಲ್ಲೇ ನುಂಗಿದೆ.

ನಾಲೆ ಏರಿಯ ತಿರುವಿನಲ್ಲಿ ರಾಡು ಕಳಚಿತು. ಸ್ಟೀರಿಂಗು ನಿನ್ನ ಕೈಯಲ್ಲಿ ಬರೀ ಗಿರಗಿರ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಜೀಪು ಏರಿ ಇಳಿದು ಕಬ್ಬಿನ ಗದ್ದೆಗೆ ಒಂದು ಪಕ್ಕಕ್ಕೆ ಮಗುಚಿಕೊಂಡಿತು, ನೀನೂ ನಾನೂ ಕೆಸರಿಗೆ ಎಗರಿ ಬಿದ್ದೆವು. ಸಿದ್ದಪ್ಪನ ತೊಡೆ ಅಡಿಗೆ ಸಿಕ್ಕಿ ಮೂಳೆ ಚರ್ಮ ಹರಿದು ಹೊರಬಂದಿತ್ತು. ಅವನು ಕೂಗಿದ ಕೂಗಿಗೆ ಕಬ್ಬು ಕಡಿಯುತ್ತಿದ್ದ ಅವನ ಆಳುಗಳು ಮಚ್ಚು ಹಿಡಿದೇ ಓಡಿ ಬಂದರು. ಧಣಿಯನ್ನು ಎಳೆದು ಮಲಗಿಸಿ, ನಿನ್ನ ಮೇಲೆ ಬಿದ್ದರು. ತಲೆಗೂದಲು ಹಿಡಿದು ಎಳೆದರು, ಹೊಟ್ಟೆಗೆ ಒದ್ದರು, ಹಸೀ ಕಬ್ಬಿನ ಜಲ್ಲೆ ಸೀಳಿಹೋಗುವವರೆಗೂ ಬೆನ್ನ ಮೇಲೆ ಬಡಿದರು. ನಿನ್ನ ಬಾಯಿಂದ ರಕ್ತದ ಜೊತೆ ಹಲ್ಲೂ ಬಿತ್ತು. ಒಬ್ಬ ಮಚ್ಚಿನ ಹಿಂಬದಿಯಿಂದ ನಿನ್ನ ಹೆಗಲಿಗೆ ಹೊಡೆದ. ಇನ್ನೊಬ್ಬ ನನ್ನ ಕೊರಳಪಟ್ಟಿ ಹಿಡಿದ.

"ಸ್ಟೇರಿಂಗ್ ಬಿಗಿ ಮಾಡ್ದೋನು ಯಾವನ್ಲಾ? ನೀನಾ?"

"ನಾನಲ್ಲ. ಅವನೇ."

ಆ ಮಾತು ಬಂದದ್ದು ನನ್ನ ಬಾಯಿಂದ; ಆ ಗದ್ದಲದಲ್ಲಿ ನಿನಗೆ ಕೇಳಿಸಲಿಲ್ಲ. ಅವರಿಗೆ ಅಷ್ಟು ಸಾಲಲಿಲ್ಲ. "ನೀನೂ ಅವ್ನ ಜೊತೆಗಾರ ಅಲ್ವೇನ್ಲಾ?" ಅಂದ ಒಬ್ಬ. ಆಗ ನೀನು ಕೆಸರಲ್ಲೇ ತೆವಳುತ್ತ ಜೀಪಿನ ಅಡಿಭಾಗದತ್ತ ಬಲಗೈ ಚಾಚಿದೆ. ಆಸರೆಗೋ, ಏನು ಕಳಚಿತು ಅಂತ ತಡಕಲೋ, ನನಗೆ ಗೊತ್ತಿಲ್ಲ. ನನಗೆ ಕಂಡದ್ದು ಒಂದೇ — ಆ ಕೈ ಇನ್ನೊಂದು ಗೇಣು ಮುಂದೆ ಹೋದರೆ ಖಾಲಿ ತೂತು ಬೆರಳಿಗೆ ಸಿಗುತ್ತದೆ.

"ನಿಂಗಾ, ಬುಡ್ಸ್ಲಾ! ಸಾಯಿಸ್ಬುಡ್ತಾರೆ ಕಣ್ಲಾ!"

ಕೆಳಗೆ ಬಿದ್ದಿದ್ದ ಹ್ಯಾಂಡಲು ಎತ್ತಿಕೊಂಡು ಹಿಂದಿನಿಂದ ಹೊಡೆದೆ; ಬೋರಲು ಬಿದ್ದಿದ್ದ ನಿನಗೆ ಯಾರೆಂದು ಕಾಣಲಿಲ್ಲ. ಮೊದಲ ಏಟಿಗೇ ಮಣಿಕಟ್ಟು ಮುರಿದದ್ದು ಕೇಳಿಸಿತು. ಎರಡನೆಯದು ಬೆರಳುಗಳ ಮೇಲೆ ಬಿತ್ತು. ಮೊದಲನೆಯದಕ್ಕೆ ಭಯ ಅನ್ನಬಹುದು, ಎರಡನೆಯದಕ್ಕೆ ಏನೆನ್ನಲಿ? ಥೂ ನನ್ನ ಜನ್ಮಕ್ಕೆ.

ನೀನು ಪ್ರಜ್ಞೆ ತಪ್ಪಿದೆ. ಆಳುಗಳು ಸಿದ್ದಪ್ಪನನ್ನು ಕಬ್ಬಿನ ಗಾಡಿಯಲ್ಲಿ ಹಾಕಿಕೊಂಡು ಹೋದರು. ನಾನು ನಿನ್ನ ಹತ್ತಿರ ಬರಲಿಲ್ಲ. ಮೊದಲು ಜೀಪಿನ ಅಡಿಭಾಗಕ್ಕೆ ಬಗ್ಗಿ ಸುಣ್ಣ ಒರೆಸಿದೆ, ಪಿನ್ನು ಇತ್ತೆಂದು ಕಾಣಲೆಂದು ತೂತಿಗೆ ತಂತಿಯ ತುಂಡು ತುರುಕಿದೆ. ಆಮೇಲೆ ನಿನ್ನನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದು, ಸಿಕ್ಕ ಎತ್ತಿನ ಗಾಡಿಯಲ್ಲಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದೆ. ಎಚ್ಚರವಾದಾಗ ನೀನು ಎಡಗೈಯಿಂದ ನನ್ನ ಕೈ ಹಿಡಿದು, "ನೀನು ಇಲ್ದಿದ್ರೆ ಅಲ್ಲೇ ಮಣ್ಣಾಗೋಯ್ತಿದ್ದೆ ಕಣ್ಲಾ," ಅಂದೆ. ನಾನು ಹೌದೆನ್ನುವ ಹಾಗೆ ತಲೆ ಆಡಿಸಿದೆ.

ಅಷ್ಟಕ್ಕೇ ನಿಂತಿದ್ದರೆ! "ನನ್ ವೈರೇ ಕೊಳವೇಲಿ ಸಿಕ್ಕೊಂಡು ಸ್ಟೇರಿಂಗ್ ಕೆಡಿಸ್ತು, ಟೇಪು ಸರ್ಯಾಗಿ ಸುತ್ನಿಲ್ಲ ನಾನು," ಅಂದೆ ನೀನು. ಎಲ್ಲಿ ಬೇಕಾದರೂ ಹುಡುಕಬಹುದಾಗಿದ್ದ ತಪ್ಪನ್ನು ನಿನ್ನ ಕೆಲಸದಲ್ಲೇ ಹುಡುಕಿಕೊಂಡೆ. ಸುಣ್ಣ ಬಿದ್ದ ಜಾಗವನ್ನು ಮನಸ್ಸಿನಲ್ಲೂ ನೀನು ಮುಟ್ಟಿ ನೋಡಲಿಲ್ಲ. ನಾನು ಅದನ್ನೂ ಅಲ್ಲಗಳೆಯಲಿಲ್ಲ. ಹಿಡಿತವಿಲ್ಲದ ಆ ಕೈಯಲ್ಲಿ ಪಾನ ನಿಲ್ಲದೆ ನೀನು ಮಳವಳ್ಳಿಗೆ ಹೋಗಿ ಬಾಡಿಗೆ ಸೈಕಲ್ಲಿನ ಅಂಗಡಿ ಹಾಕಿದೆ. ನಾನು ನಿನ್ನ ಶೆಡ್ಡಿನಲ್ಲಿ ದುಡಿದು ಮಕ್ಕಳ ಮದುವೆ ಮಾಡಿದೆ. ಸಿದ್ದಪ್ಪ ಕುಂಟುತ್ತ ಎದುರಾದಾಗಲೆಲ್ಲ ನೀನು ಸೈಕಲ್ ಇಳಿದು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ಒಂದಲ್ಲ ಎರಡಲ್ಲ.

ಕಳೆದ ತಿಂಗಳು ಸಿದ್ದಪ್ಪ ತೀರಿಕೊಂಡ. ನೀನು ಅವನ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆ ಕೈ ಮುಗಿದೆ. ಸೊಟ್ಟಗಾದ ಬಲಗೈ ಎಡಗೈಗೆ ಸೇರಲಿಲ್ಲ. "ತಾಯಿ, ನಿಮ್ಮ ಯಜಮಾನ್ರ ಕಾಲು ನನ್ನಿಂದ ಓಯ್ತು, ಮಾಪು ಮಾಡ್ಬುಡಿ," ಅಂದೆ. ಆಯಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋದರು. ನೀನು ಜಗಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ನಿನ್ನನ್ನು ಸಮಾಧಾನ ಮಾಡಿದವನು — ನಾನು! ನನ್ನಂಥ ನಾಯಿಯೂ ಇರುತ್ತದೆಯೇ ಲೋಕದಲ್ಲಿ?

ನಿನ್ನ ವೈರು ಸರಿಯಾಗಿತ್ತು, ಹುಸೇನ. ನಿನ್ನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ನಾಳೆ ಮೊದಲ ಬಸ್ಸಿಗೆ ಮಳವಳ್ಳಿಗೆ ಬರುತ್ತೇನೆ. ಇದನ್ನು ಬೇರೆಯವರ ಕೈಲಿ ಓದಿಸುವುದಿಲ್ಲ, ನಾನೇ ನಿನ್ನೆದುರು ಕೂತು ಓದುತ್ತೇನೆ. ಮುಗಿದ ಮೇಲೂ ಅಲ್ಲೇ ಕೂತಿರುತ್ತೇನೆ — ನೀನು ಹೊಡೆದರೂ ಸರಿ, ಉಗಿದರೂ ಸರಿ, ಸುಮ್ಮನೇ ಒಳಗೆ ಎದ್ದು ಹೋದರೂ ಸರಿ. ಕ್ಷಮಿಸು ಅಂತ ಕೇಳುವುದಿಲ್ಲ, ಆ ಬಾಯಿ ನನಗಿಲ್ಲ. ಅಲ್ಲಿಂದ ಸಿದ್ದಪ್ಪನ ಮನೆಗೆ ಹೋಗಿ ಆಯಮ್ಮನಿಗೂ ಇದನ್ನೇ ಓದಿ ಹೇಳುತ್ತೇನೆ, ಅವರ ಮಕ್ಕಳು ಎದುರಿಗಿದ್ದರೂ. ನೀನು ಜೊತೆಗೆ ಬರಬೇಡ. ಆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದವನು ಒಬ್ಬನೇ, ಅವನು ನೀನಲ್ಲ.