ಶಿವರಾತ್ರಿಯ ಬಾದಾಮಿ ಹಾಲು

ಶಿವರಾತ್ರಿಯ ದಿನ ರಾತ್ರಿ ಎರಡೂವರೆಗೆ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದ ಸೊಸೆ ಇಡೀ ಸದಾಶಿವನಗರದಲ್ಲಿ ನಾನೊಬ್ಬಳೇ ಇರಬೇಕು. ಬೇರೆ ದಾರಿಯಿರಲಿಲ್ಲ. ಹಿಂದಿನ ವರ್ಷ ಜಾಗರಣೆಯ ನಡುವೆ ಅವರಿಗೆ ಜೊಂಪು ಹತ್ತಿ, ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಅದಾದ ಎರಡೇ ತಿಂಗಳಿಗೆ ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಹೃದಯಾಘಾತವಾಯಿತು. ಸ್ಟೆಂಟ್ ಹಾಕಿಸಿಕೊಂಡು ಈಗ ಚೆನ್ನಾಗಿಯೇ ಇದ್ದಾರೆ. ಅತ್ತೆಯ ಪ್ರಕಾರ ಎಲ್ಲಕ್ಕೂ ಕಾರಣ ಆ ಒಂದು ರಾತ್ರಿಯ ನಿದ್ದೆ.

"ಈ ಸಲ ರೆಪ್ಪೆ ಮುಚ್ಚಿದ್ರೆ ಶಿವ ನನ್ ಮಗನ್ನ ಉಳ್ಸಲ್ಲ ಕಣಮ್ಮ" ಎಂದು ವಾರದಿಂದ ಒಂದೇ ರಾಗ.

"ಇಪ್ಪತ್ತು ವರ್ಷ ಸಿಗರೇಟು ಸೇದಿದ್ದು ನಿಮ್ಮ ಮಗ, ಶಿವ ಅಲ್ಲ" ಎಂದು ನಾನು ರೇಗಿದ್ದೆ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ತಾಳ್ಮೆಯಂತೂ ಮೊದಲೇ ಇಲ್ಲ.

ಆ ರಾತ್ರಿ ಟೀವಿಯ ಭಜನೆಗೇ ಅತ್ತೆ ತೂಕಡಿಸತೊಡಗಿದರು. ಮುಖಕ್ಕೆ ನೀರು ಹಾಕಿಸಿದೆ, ವರಾಂಡದಲ್ಲಿ ನಡೆಸಿದೆ, ಅವರ ತವರಾದ ಕಡಬದ ಕೆರೆ ಕೋಡಿ ಬಿದ್ದ ಕಥೆಯನ್ನು ಅವರ ಬಾಯಲ್ಲೇ ಮೂರು ಸಲ ಹೇಳಿಸಿದೆ. ಕೊನೆಗೆ ಸತ್ಯಮಂಗಲದ ಕಡೆ, ಫ್ಯಾಕ್ಟರಿ ಶಿಫ್ಟಿನವರಿಗಾಗಿ ರಾತ್ರಿಯಿಡೀ ತೆರೆದಿರುವ ಆ ಅಂಗಡಿ ನೆನಪಾಯಿತು. ಅಷ್ಟೊಂದು ಬೆಳಕಿನಲ್ಲಿ ಯಾರಿಗೆ ತಾನೇ ನಿದ್ದೆ ಬಂದೀತು?

ಅತ್ತೆ ಟ್ರಾಲಿಯನ್ನೇ ಊರುಗೋಲು ಮಾಡಿಕೊಂಡು ಉತ್ಸಾಹದಿಂದ ತಿರುಗಿದರು. ಪ್ಲಾಸ್ಟಿಕ್ ಸುತ್ತಿದ ತೆಂಗಿನಕಾಯಿ ಕಂಡು, "ಕಾಯ್ಗೂ ಬಟ್ಟೆ ಉಡ್ಸವ್ರೆ ನೋಡು!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಗಂಡನನ್ನು ಒಬ್ಬರನ್ನೇ ಬಿಟ್ಟು ಬಂದಿದ್ದೆ.

ಬಿಲ್ ಕೌಂಟರಿನ ಪಕ್ಕದಲ್ಲಿ, ಮಧ್ಯರಾತ್ರಿಯ ಮೇಲೆ ಬಂದ ಗಿರಾಕಿಗಳಿಗೆ ಟೀ, ಬಾದಾಮಿ ಹಾಲು ಪುಕ್ಕಟೆ. ಶಿಫ್ಟು ಮುಗಿಸಿ ಬಂದವರು ನಿಂತೇ ಕುಡಿಯುತ್ತಿದ್ದರು. ಅಲ್ಲಿದ್ದ ಹುಡುಗಿ, "ಅಜ್ಜಿ, ಏನ್ ಕೊಡ್ಲಿ?" ಎಂದಳು.

"ಉಪವಾಸ ಕಣವ್ವ. ಹಾಲಾದ್ರೆ ನಡೀತದೆ."

ಅತ್ತೆ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಹಣೆಗೆ ಎಳೆದುಕೊಂಡು, ಅದೇ ಬೆರಳುಗಳಲ್ಲಿ ಲೋಟ ಹಿಡಿದರು. ಕೆಂಪು ಕಾಗದದ ಲೋಟದ ಮೇಲೆ ಬೆಳ್ಳಗೆ ಬೆರಳಚ್ಚು ಮೂಡಿತು. ಅವರನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿದೆ. ಏನೂ ಕೊಳ್ಳದೆ ಹಾಲು ಕುಡಿಯಲು ಸಂಕೋಚವಾಗಿ ಪೊರಕೆ ತರಲು ಒಳಗೆ ಹೋದೆ. ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಗಂಡ ಎತ್ತಲಿಲ್ಲ. ಮತ್ತೆ ಮಾಡಿದೆ. ಪೊರಕೆ ಕಂಕುಳಲ್ಲಿಟ್ಟುಕೊಂಡು ಮತ್ತೆ ಮತ್ತೆ ಒತ್ತಿದೆ. ಹತ್ತು ನಿಮಿಷ ಬಿಟ್ಟು ಐದನೇ ಸಲಕ್ಕೆ ಎತ್ತಿ, "ಮಲಗೋಕೂ ಬಿಡಲ್ವೇನೇ?" ಎಂದು ಬೈದರು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಬಂದು ನೋಡಿದರೆ ಅತ್ತೆಯ ಗದ್ದ ಎದೆಗೆ ತಾಗಿತ್ತು. ಮಡಿಲಲ್ಲಿ ಲೋಟ ಹಾಗೆಯೇ ಇತ್ತು, ಹಾಲಿನ ಮೇಲೆ ಕೆನೆಗಟ್ಟಿತ್ತು. ಎಬ್ಬಿಸಿದರೆ ನಿದ್ದೆ ಮಾಡಿದ್ದು ಗೊತ್ತಾಗುತ್ತದೆ, ಎಬ್ಬಿಸದಿದ್ದರೆ ಬೆಳಗಾಗುತ್ತದೆ. ಇನ್ನೊಂದು ವರ್ಷ ಅವರು ಹೆದರಿಕೊಂಡೇ ಬದುಕುವುದನ್ನು ನೋಡಲು ನನ್ನಿಂದಾಗದು. ಮೆಲ್ಲಗೆ ಆ ಲೋಟ ತೆಗೆದುಕೊಂಡು, ಹುಡುಗಿಯಿಂದ ಇನ್ನೊಂದು ಲೋಟ ಬಿಸಿ ಹಾಲು ಪಡೆದು ಅವರ ಕೈಗಳ ನಡುವೆ ಇಟ್ಟೆ.

ಬಿಸಿ ತಾಗಿ ಬೆಚ್ಚಿಬಿದ್ದರು. "ಅಯ್ಯೋ, ನಿದ್ದೆ ಮಾಡ್ಬುಟ್ನಾ?"

"ಎಲ್ಲಿ ಅತ್ತೆ? ಈಗ ತಾನೇ ಲೋಟ ತಗೊಂಡ್ರಿ. ಹಾಲು ಹೆಂಗೆ ಹಬೆಯಾಡ್ತಿದೆ ನೋಡಿ."

ಅವರು ಲೋಟವನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ ಕುಡಿದರು. ತಣ್ಣಗಾದ ಹಾಲನ್ನು ನಾನು ಗಟಗಟ ಕುಡಿದು ಲೋಟ ಎಸೆದೆ.

ಮನೆಗೆ ಬಂದಾಗ ಇನ್ನೂ ಕತ್ತಲು. ಬಾಗಿಲಲ್ಲಿ ಅತ್ತೆ ನನ್ನ ಬಲಗೈ ಹಿಡಿದು ದೀಪಕ್ಕೆ ಒಡ್ಡಿದರು. ಎಸೆದ ಲೋಟದ ಮೇಲಿದ್ದ ವಿಭೂತಿ ನನ್ನ ಬೆರಳಿಗೆ ಬೆಳ್ಳಗೆ ಮೆತ್ತಿತ್ತು.

"ನಾನು ಮಲಗಿದ್ದಾಗ ನೀನು ಎದ್ದಿದ್ಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹ್ಞೂಂ ಅತ್ತೆ."

"ಹಂಗಾದ್ರೆ ಸಾಕು ಬುಡು. ಮನೇಲಿ ಒಬ್ರು ಎಚ್ಚರ ಇದ್ರಾಯ್ತು. ನಂಗಿನ್ನು ಆಗಲ್ಲ, ಮಲಕ್ಕೋತೀನಿ. ನೀನ್ ನೋಡ್ಕೊ."

ಹೋಗಿ ಮಲಗಿಯೇಬಿಟ್ಟರು. ನಾನು ಒಳಗೆ ಬಂದು ಗಂಡನ ಮೂಗಿನ ಮುಂದೆ ಬೆರಳು ಹಿಡಿದೆ. ಉಸಿರು ಬೆಚ್ಚಗಿತ್ತು. ಕೈ ತೊಳೆಯಲು ಮನಸ್ಸಾಗದೆ, ಮಲಗಲು ಧೈರ್ಯವಾಗದೆ, ಬೆಳಕು ಹರಿಯುವವರೆಗೂ ಮಂಚದ ಪಕ್ಕದಲ್ಲೇ ಕೂತಿದ್ದೆ.