ಅಮ್ಮನ ಹುಟ್ಟಿದ ವರ್ಷ ಹಾಗೂ ಕೆಳಗಿನ ಬರ್ತ್‌ನ ಕುರಿತು

ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ವರ್ಷವೊಂದನ್ನು ಬಾಯಿಬಿಟ್ಟು ಹೇಳಲು ಎಷ್ಟು ದಾರಿಗಳಿವೆ ಎಂಬುದು ಕೋಲ್ಕತ್ತಕ್ಕೆ ಬರುವವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಮೈಸೂರಿನ ಶಾಲೆಯಲ್ಲಿ ‘ಸಾವಿರದ ಒಂಬೈನೂರ’ ಎಂದು ಆರಂಭಿಸಿ, ಉಸಿರು ಉಳಿದಿದ್ದರೆ ಮುಗಿಸುತ್ತಿದ್ದೆವು. ಇಲ್ಲಿಯ ಸಾಫ್ಟ್‌ವೇರ್ ಕಚೇರಿಯಲ್ಲಿ ಅಮೆರಿಕದ ಗ್ರಾಹಕರು 2006ನ್ನು ‘ಟ್ವೆಂಟಿ ಓ ಸಿಕ್ಸ್’ ಎನ್ನುತ್ತಿದ್ದುದರಿಂದ ಫೋನಿನಲ್ಲಿ ನಾನೂ ಹಾಗೆಯೇ ಎನ್ನುತ್ತಿದ್ದೆ. ಫೋನ್ ಇಟ್ಟ ಕೂಡಲೇ ‘ಟೂ ಥೌಸಂಡ್ ಸಿಕ್ಸ್’ಗೆ ಮರಳುತ್ತಿದ್ದೆ. ಮನೆಯೊಡತಿಗೆ ಅದೇ ವರ್ಷ ‘ಚೋದ್ದೊಶೊ ತೇರೊ’, ಅಂದರೆ ಬಂಗಾಳಿ ಪಂಚಾಂಗದ ಸಾವಿರದ ನಾನೂರ ಹದಿಮೂರು. ಆ ಲೆಕ್ಕದಲ್ಲಿ ನನ್ನ ನೌಕರಿ ಹುಟ್ಟಲು ಇನ್ನೂ ಸುಮಾರು ಆರು ಶತಮಾನ ಬಾಕಿಯಿತ್ತು.

ಕೆಲವು ತಿಂಗಳು ನನ್ನೊಡನಿರಲು ಬಂದಿದ್ದ ಅಮ್ಮನಿಗೆ ಅಂಕಿಯ ಅಗತ್ಯವೇ ಇರಲಿಲ್ಲ. ಅರವತ್ತು ಸಂವತ್ಸರಗಳ ಹೆಸರೂ ಅವರಿಗೆ ಬಾಯಿಪಾಠ. ನಡೆಯುತ್ತಿದ್ದುದು ವ್ಯಯ ಸಂವತ್ಸರ, ಅಷ್ಟೆ.

ದುರ್ಗಾಪೂಜೆಗೆ ಮುಂಚೆ ಅವರು ಊರಿಗೆ ಮರಳಬೇಕಿತ್ತು. ಮಂಡಿನೋವಿನಿಂದಾಗಿ ಮೇಲಿನ ಬರ್ತ್ ಹತ್ತುವುದು ಅಸಾಧ್ಯವಾದ್ದರಿಂದ, ಅರವತ್ತು ತುಂಬಿದವರಿಗೆ ಸಿಗುವ ಕೆಳಗಿನ ಬರ್ತನ್ನು ಕೋರಿ ಸಿಯಾಲ್ದಾ ರೈಲು ನಿಲ್ದಾಣದ ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತೆವು. ನಮ್ಮ ಮುಂದಿದ್ದ ವೃದ್ಧರು ತಾವು ಹುಟ್ಟಿದ್ದು ‘ತೇರೋಶೊ ತಿಪ್ಪಾನ್ನೊ’ದಲ್ಲಿ, ಅಂದರೆ ಬಂಗಾಳಿ ಲೆಕ್ಕದ ಸಾವಿರದ ಮುನ್ನೂರ ಐವತ್ತಮೂರರಲ್ಲಿ, ಎಂದರು. ಗುಮಾಸ್ತರು ಮನಸ್ಸಿನಲ್ಲೇ ಕಳೆದು, ಅರವತ್ತೆಂದು ಒಪ್ಪಿದರು. ನನ್ನಿಂದ ಅರ್ಥ ಕೇಳಿಕೊಂಡು ಇದನ್ನು ಅಮ್ಮ ಕಣ್ಣಿಟ್ಟು ನೋಡಿದರು.

ನಮ್ಮ ಸರದಿ ಬಂದಾಗ ಗುಮಾಸ್ತರು ಅಮ್ಮನ ಕಪ್ಪು ಜಡೆಯನ್ನು ಸಂಶಯದಿಂದ ನೋಡಿ, ಹಿಂದಿಯಲ್ಲಿ, ವರ್ಷವನ್ನು ಅವರೇ ಹೇಳಲಿ ಎಂದರು.

“ವ್ಯಯ,” ಎಂದರು ಅಮ್ಮ.

“ಅಮ್ಮಾ, ಇಸವಿ ಹೇಳು. ನಲವತ್ತಾರು ಅನ್ನು.”

“ಅವರ ಪಂಚಾಂಗ ನಡೆಯತ್ತೆ, ನಮ್ಮದು ನಡೆಯಲ್ವೇನೆ? ಹುಟ್ಟಿದ್ದು ಇದೇ ವರ್ಷ ಅಂತ ಹೇಳು.”

ಹಿಂದೆ ಸಾಲು ಗೊಣಗುತ್ತಿತ್ತು. ಗಾಬರಿಯಲ್ಲಿ ನಾನು ಅಕ್ಷರಶಃ ಅನುವಾದಿಸಿದೆ.

ಗುಮಾಸ್ತರು ಪೆನ್ನು ಕೆಳಗಿಟ್ಟರು. “ಈ ವರ್ಷವೇ ಹುಟ್ಟಿದ ಕೂಸಿಗೆ ಟಿಕೆಟ್ ಬೇಡ, ಬರ್ತೂ ಇಲ್ಲ. ಮಡಿಲಲ್ಲಿ ಕೂರಿಸಿಕೊಂಡು ಹೋಗಿ,” ಎಂದರು.

ಬರ್ತ್ ಕೈತಪ್ಪುವ ಭಯದಿಂದ ನಾನು ಅವಸರವಾಗಿ ವಿವರಣೆ ಸಲ್ಲಿಸಿದೆ: ವರ್ಷಗಳಿಗೆ ಅರವತ್ತು ಹೆಸರುಗಳಿವೆ, ಅವು ಚಕ್ರದಂತೆ ತಿರುಗುತ್ತವೆ, ಅಮ್ಮ ಹುಟ್ಟಿದ ಹೆಸರೇ ಈಗ ಮತ್ತೆ ಬಂದಿದೆ, ಶ್ರಾವಣಕ್ಕೇ ಅರವತ್ತು ತುಂಬಿದೆ. ಮುಂದಿದ್ದ ವೃದ್ಧರೂ ಟಿಕೆಟ್ ಮಡಚುವುದನ್ನು ಬಿಟ್ಟು ಕೇಳಿಸಿಕೊಂಡರು.

ಗುಮಾಸ್ತರು ಯೋಚಿಸಿದರು. “ತಿರುಗಿರುವುದು ಒಂದೇ ಸುತ್ತು ಎಂಬುದಕ್ಕೆ ಏನು ಆಧಾರ? ಎರಡೂ ಆಗಿರಬಹುದಲ್ಲ.”

ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸಿದೆ.

“ಎರಡು ಸುತ್ತಾಗಿದ್ದಿದ್ರೆ ನಾನೇ ಮೇಲಿನ ಬರ್ತ್ ಕೇಳ್ತಿದ್ದೆ, ಸ್ವರ್ಗಕ್ಕೆ ಹತ್ತಿರ ಅಂತ. ಹಾಗಂತ ಹೇಳು ಅವರಿಗೆ.”

ಹೇಳಿದೆ. ಮೊದಲು ನಕ್ಕವರು ಆ ವೃದ್ಧರು. ಗುಮಾಸ್ತರು ನಗಲಿಲ್ಲ, ಕಂಪ್ಯೂಟರಿನಲ್ಲಿ ವಯಸ್ಸಿನ ಜಾಗದಲ್ಲಿ ಅರವತ್ತೆಂದು ಒತ್ತಿ, ಕೆಳಗಿನ ಬರ್ತ್ ಕೊಟ್ಟು, ಕಿಂಡಿಯಿಂದ ಟಿಕೆಟ್ ಚಾಚುತ್ತಾ, ಬಂಗಾಳಿಗರು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಕೇಳಿದರು, “ಮುಂದಿನ ವರ್ಷದ ಹೆಸರೇನು, ಮಾಶಿಮಾ?”

“ಸರ್ವಜಿತ್,” ಎಂದು ಅಮ್ಮ ಟಿಕೆಟನ್ನು ಸೆರಗಿಗೆ ಗಂಟು ಹಾಕಿಕೊಂಡರು.